ಪಿಯಾನೊ ಎಷ್ಟು ಚೀಲದ ಲೆಕ್ಕ?

ಹೋದ ಭಾನುವಾರ ಸಂಜೆ ನಮ್ಮನೆ ಮೇಲಿನ ಖೋಲಿಯಲ್ಲಿ ಸಭೆ ಸೇರಿತ್ತು. ವಿಷಯ ಒಂದೇ. ಅಪ್ಪನ ಪಿಯಾನೊ ಎಷ್ಟಕ್ಕೆ ಹೋಗುತ್ತದೆ?

ಬಂದವರು ಮೂವರು. ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜ್‌ನಲ್ಲಿ ತೊಗರಿ ಅಡತ್ (ದಲ್ಲಾಳಿ) ಅಂಗಡಿ ಇಟ್ಟಿರುವ ಕಾಕಾ. ಹಳೇ ಫರ್ನಿಚರ್ ಕೊಂಡು ಮಾರುವ ಭಾಯ್. ಓಣಿಯ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುವ ಮಾಸ್ತರ್. ಮೂವರಿಗೂ ಪಿಯಾನೊ ಬಾರಿಸಲು ಬರುವುದಿಲ್ಲ. ನನಗೂ ಬರುವುದಿಲ್ಲ. ಹಾಗಾಗಿ ಯಾರಿಗೂ ಸಂಕೋಚ ಇರಲಿಲ್ಲ.

ಅಪ್ಪ ಸಿಕಂದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ, ಊರು ಬಿಟ್ಟು ಹೊರಟ ಒಂದು ಕುಟುಂಬದಿಂದ ಇದನ್ನು ಕೊಂಡಿದ್ದರು. ಬಾರಿಸಿದ್ದು ಎರಡು ತಿಂಗಳು. ಆಮೇಲೆ ನಲವತ್ತು ವರ್ಷ ಅದರ ಮೇಲೆ ಮದುವೆ ಫೋಟೊ, ಹಳೇ ಪಂಚಾಂಗ, ಒಗೆದ ಬಟ್ಟೆ. ಆವತ್ತು ಮಿರ್ಚಿ ಭಜಿಯ ತಟ್ಟೆ ಕೂತಿತ್ತು.

ಭಾಯ್ ಮೊದಲು ಬೆರಳು ಮಡಚಿ ಕಟ್ಟಿಗೆ ತಟ್ಟಿದರು. ಕಲ್ಲಂಗಡಿ ತಟ್ಟುತ್ತಾರಲ್ಲ, ಹಾಗೆ. "ಸಾಗವಾನಿ ಅಲ್ಲ ಸಾಬ್. ಮೇಲೆ ತೆಳ್ಳಗೆ ಒಳ್ಳೇ ಕಟ್ಟಿಗೆ ಅಂಟಿಸಿದ್ದಾರೆ, ಅಷ್ಟೇ." ಆಮೇಲೆ ಮುಂದಿನ ಹಲಗೆಯಲ್ಲಿದ್ದ ಎರಡು ಹಿತ್ತಾಳೆ ಕೈಗಳ ಮೇಲೆ ಕಣ್ಣು ಬಿತ್ತು. ಕರೆಂಟ್ ಇಲ್ಲದ ಕಾಲದಲ್ಲಿ ಮೇಣದ ಬತ್ತಿ ಇಡುವುದಕ್ಕೆ ಮಾಡಿದ್ದು ಅವು. "ಇವೆರಡು ಬಿಚ್ಚಿ ಕೊಡಿ. ಆರುನೂರು."

"ಪಿಯಾನೊಗೆ?"

"ಪಿಯಾನೊ ನಿಮಗೇ ಇರಲಿ."

ಕಾಕಾಗೆ ಸಿಟ್ಟು ಬಂತು. ನೂರು ವರ್ಷದ ಮಾಲು, ಹಳೆಯದಾದಷ್ಟೂ ರೇಟು ಏರಬೇಕು ಅಂತ ಅವರ ವಾದ. ನನ್ನ ಲೆಕ್ಕವೂ ಅದೇ ಆಗಿತ್ತು, ಮನಸ್ಸಿನಲ್ಲೇ ಒಂದೂವರೆ ಲಕ್ಷ ಎಣಿಸಿಟ್ಟಿದ್ದೆ. ಬಾರಿಸುವ ಜಾಗ ಮುಚ್ಚುವ ಹಲಗೆಯ ಒಳಗೆ ಪದಕಗಳ ಚಿತ್ರ ಬೇರೆ ಇದ್ದವು. "ನೋಡಿ, ಬಂಗಾರದ ಪದಕ ಗೆದ್ದ ಪಿಯಾನೊ!" ಅಂದರು ಕಾಕಾ. ಗೆದ್ದದ್ದು ಕಂಪನಿ, ಯಾವುದೋ ಕಾಲದ ಪ್ರದರ್ಶನದಲ್ಲಿ. ಪ್ರತಿ ಪಿಯಾನೊದ ಮೇಲೂ ಅದನ್ನೇ ಅಚ್ಚು ಹಾಕಿ ಕಳಿಸಿದ್ದಾರೆ. ನಮ್ಮಲ್ಲಿ ಉದಿನಕಡ್ಡಿ ಡಬ್ಬಿ ಮೇಲೂ ಪದಕ ಇರುತ್ತದೆ, ಅಲ್ವಾ?

ಮಾಸ್ತರ್ ಹೈದರಾಬಾದಿನಲ್ಲಿ ಪಿಯಾನೊ ಶ್ರುತಿ ಮಾಡುವ ಒಬ್ಬ ಟ್ಯೂನರ್‌ಗೆ ವಿಡಿಯೊ ಕಾಲ್ ಹಚ್ಚಿದರು. ಆತ ನಮಸ್ಕಾರವನ್ನೂ ಹೇಳದೆ ಕೇಳಿದ್ದು, "ಮೇಲಿನ ಮುಚ್ಚಳ ತೆಗೀರಿ. ನಂಬರ್ ಕಾಣ್ತದಾ?" ಭಜಿ ತಟ್ಟೆ ಎತ್ತಿ ಮುಚ್ಚಳ ತೆಗೆದೆವು. ಒಳಗೆ ಕಬ್ಬಿಣದ ದೊಡ್ಡ ಚೌಕಟ್ಟು, ಅದರ ಮೇಲೆ ಐದಂಕಿಯ ನಂಬರ್. ಕಾಕಾ ಅದನ್ನು ಲಾಟ್ ನಂಬರ್ ಅಂದುಕೊಂಡು ಚೀಟಿಯಲ್ಲಿ ಬರೆದುಕೊಂಡರು. ಆ ನಂಬರಿನಿಂದ ಯಾವ ವರ್ಷದ್ದು ಅಂತ ಗೊತ್ತಾಗುತ್ತದಂತೆ. ಯಮಹಾ, ಕವಾಯ್ ಕಂಪನಿಯದಾಗಿದ್ದರೆ ವರ್ಷ ನೋಡಿ ತಕ್ಷಣ ಒಂದು ರೇಟು ಹೇಳಬಹುದು, ಗಿರಾಕಿಗಳೂ ಇದ್ದಾರೆ ಅಂದರು ಟ್ಯೂನರ್. ನಮ್ಮ ಪಿಯಾನೊದ ಹೆಸರು ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

"ಪಿಟೀಲು ಬೇರೆ, ಪಿಯಾನೊ ಬೇರೆ," ಅಂದರು ಆಮೇಲೆ, ಮೆತ್ತಗೆ. ಪಿಟೀಲು ಹಳೆಯದಾದರೆ ಬೆಲೆ ಬರಬಹುದು. ಪಿಯಾನೊ ಯಂತ್ರ. ಸಾವಿರಾರು ಸಣ್ಣ ಸಣ್ಣ ಭಾಗ, ಉಣ್ಣೆಯ ಸುತ್ತಿಗೆ, ಸ್ಪ್ರಿಂಗು, ತೊಗಲು. ಎಲ್ಲವೂ ಸವೆಯುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಹಳೇ ಪಿಯಾನೊವನ್ನು ಒಯ್ಯುವವರಿಗೆ ಮನೆಯವರೇ ದುಡ್ಡು ಕೊಡುವುದೂ ಉಂಟಂತೆ. ಇದನ್ನು ಕೇಳಿ ಭಾಯ್ ನನ್ನ ಕಡೆ ತಿರುಗಿದ ರೀತಿ ನನಗೆ ಹಿಡಿಸಲಿಲ್ಲ.

ಆಮೇಲೆ ತಂತಿಗಳ ಮಾತು ಬಂತು. ಬೆರಳಲ್ಲಿ ಒತ್ತುವ ಮನೆಗಳು 88, ತಂತಿಗಳು ಮಾತ್ರ ಇನ್ನೂರಕ್ಕೂ ಜಾಸ್ತಿ. ಹೆಚ್ಚಿನ ಸ್ವರಗಳಿಗೆ ಎರಡು ಮೂರು ತಂತಿ. ಎಲ್ಲವೂ ಸೇರಿ ಎಳೆಯುವ ಬಲ ಸುಮಾರು 18 ಟನ್. ಕಾಕಾ ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿದರು. "ನೂರಾ ಎಂಬತ್ತು ಕ್ವಿಂಟಲ್! ಒಂದು ಲಾರಿ ಲೋಡು ನಿಮ್ಮ ಖೋಲಿಯಲ್ಲಿ ಕಟ್ಟಿಹಾಕಿದಂಗಾಯ್ತಲ್ಲೋ!"

ಈ ತಂತಿ ಸುತ್ತಿದ ಪಿನ್ನುಗಳು ಒಂದು ಗಟ್ಟಿ ಹಲಗೆಯಲ್ಲಿ ಬಿಗಿಯಾಗಿ ಕೂತಿರಬೇಕು. ಬೆಲೆ ಇರುವುದು ಅಲ್ಲಿ. ಹಲಗೆ ಒಣಗಿ ತೂತು ಸಡಿಲಾದರೆ ಬೆಳಿಗ್ಗೆ ಶ್ರುತಿ ಮಾಡಿದ್ದು ಸಂಜೆಗೆ ಇಳಿಯುತ್ತದೆ. ಪಿಯಾನೊಗೆ ಬೇಕಾದದ್ದು ಶೇಕಡಾ 45ರ ಆಸುಪಾಸಿನ ತೇವಾಂಶ, ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ ಇರಬೇಕು.

"ನಮ್ಮಲ್ಲಿ ಹಸಿ ಇದ್ದರೆ ರೇಟು ಬೀಳ್ತದೆ. ಇದು ಒಣಗಿದರೆ ಬೀಳ್ತದಾ?" ಕಾಕಾಗೆ ಇದು ನ್ಯಾಯ ಅನಿಸಲಿಲ್ಲ.

"ಎಲ್ಲಿಟ್ಟಿದ್ದೀರಿ?" ಅಂತ ಟ್ಯೂನರ್ ಕೇಳಿದರು. ಫೋನ್ ತಿರುಗಿಸಿ ತೋರಿಸಿದೆ. ಒಂದು ಕಡೆ ಪಶ್ಚಿಮದ ಕಿಟಕಿ. ಕಲಬುರಗಿಯ ಮೇ ತಿಂಗಳ ಬಿಸಿಲು ಸಂಜೆವರೆಗೆ ನೇರ ಅದರ ಬೆನ್ನಿಗೆ. ಇನ್ನೊಂದು ಕಡೆ ಕೂಲರ್, ನೀರಿನ ಗಾಳಿ ನೇರ ಅದರ ಮುಖಕ್ಕೆ. ಆತ ಏನೂ ಹೇಳಲಿಲ್ಲ. ಹಣೆ ಒತ್ತಿಕೊಂಡದ್ದು ಕಾಣಿಸಿತು.

ಮಾಸ್ತರ್ ತಮ್ಮ ಹಾರ್ಮೋನಿಯಂ ತೆಗೆದು ಪರೀಕ್ಷೆಗೆ ಇಳಿದರು. ಪಿಯಾನೊದಲ್ಲಿ ಬಿಳಿ ಆರು, ಅಂದರೆ ಸಪ್ತಕದ ಆರನೇ ಬಿಳಿ ಮನೆ ಒತ್ತಿದರು. ಹಾರ್ಮೋನಿಯಂನಲ್ಲಿ ಹುಡುಕಿ ಹುಡುಕಿ ಕೊನೆಗೆ ಕರಿ ನಾಲ್ಕಕ್ಕೆ ಸಿಕ್ಕಿತು. ಪೂರ್ತಿ ಅರ್ಧ ಸ್ವರ ಕೆಳಗೆ. ಮೇಲೆ ಎತ್ತಬಹುದು, ಆದರೆ ಹಳೇ ತಂತಿ, ಎತ್ತುವಾಗ ಪಟ್ ಅಂತ ಹರಿದರೆ ನಾನು ಜವಾಬ್ದಾರ ಅಲ್ಲ ಅಂದರು ಟ್ಯೂನರ್. ಎಡಗಡೆಯ ಮೂರು ಮನೆ ಒತ್ತಿದರೆ ಸದ್ದೇ ಇಲ್ಲ.

ಸದ್ದಿಲ್ಲದ್ದಕ್ಕೆ ಕಾರಣ ಕೆಳಗಿನ ಹಲಗೆ ತೆಗೆದಾಗ ಗೊತ್ತಾಯಿತು. ಇಲಿ. ಒಳಗಿನ ಕೆಂಪು ಉಣ್ಣೆಯನ್ನೆಲ್ಲ ಕಡಿದು ದುಂಡಗೆ ಗೂಡು ಕಟ್ಟಿತ್ತು. ಹಾಸಿಗೆಯಷ್ಟು ಮೆತ್ತಗಿತ್ತು, ಸುಳ್ಳಲ್ಲ. ಪಕ್ಕದಲ್ಲಿ, ಪೆಡಲಿನ ಸಲಾಕೆಯ ಹಿಂದೆ, ಒಂದು ಸೇರಿಗೆ ಕಮ್ಮಿ ಇಲ್ಲದಷ್ಟು ತೊಗರಿ ಬೇಳೆ. ನಮ್ಮ ಅಡಿಗೆಮನೆಯದೇ. ಎಷ್ಟು ವರ್ಷದಿಂದ ಕೂಡಿಟ್ಟಿತ್ತೋ.

ಅಲ್ಲಿವರೆಗೆ ಕುರ್ಚಿ ಬಿಟ್ಟು ಏಳದ ಕಾಕಾ ಎದ್ದರು. ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದನ್ನು ಹಲ್ಲಿಗೆ ಕೊಟ್ಟು ಕಟ್ ಅನಿಸಿದರು. "ನಂಬರ್ ಒನ್ ಮಾಲು. ಸುಮ್ನೆ ಕೊಟ್ಟಾರಾ ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗು, ಊರಿನ ಹೆಸರಿನ ಸರ್ಕಾರಿ ಗುರುತು!" ಆ ದಿನ ಪಿಯಾನೊದಲ್ಲಿ ಯಾರಾದರೂ ಮೆಚ್ಚಿದ್ದು ಅದೊಂದನ್ನೇ.

ಭಾಯ್ ಕೊನೆಯ ಬಾಣ ಬಿಟ್ಟರು. ಬಿಳಿ ಮನೆಗಳು ಹಳದಿಗೆ ತಿರುಗಿವೆ, ಇದು ಆನೆದಂತವೇ ಇರಬೇಕು, ಲಕ್ಷಗಟ್ಟಲೆ ಆದೀತು! ನನ್ನ ಒಂದೂವರೆ ಲಕ್ಷ ಮತ್ತೆ ಜೀವ ಹಿಡಿಯಿತು. "ದಂತ ಆಗಿದ್ದರೆ ಮಾರೋ ಮಾತೇ ಆಡಬೇಡಿ," ಅಂದರು ಮಾಸ್ತರ್. "ನಮ್ಮ ದೇಶದಲ್ಲಿ ದಂತದ ವ್ಯಾಪಾರವೇ ನಿಷೇಧ. ಜೈಲು." ಖೋಲಿ ತಣ್ಣಗಾಯಿತು. ದಂತದ್ದಾದರೆ ಸಾಮಾನ್ಯವಾಗಿ ಎರಡು ತುಂಡು ಕೂಡಿಸಿರುತ್ತಾರೆ, ಅಡ್ಡಕ್ಕೆ ಕೂದಲಿನಂಥ ಗೆರೆ ಕಾಣುತ್ತದೆ ಅಂತ ಟ್ಯೂನರ್ ಹೇಳಿಕೊಟ್ಟರು. ನಾಲ್ವರೂ ಮೊಬೈಲ್ ಟಾರ್ಚ್ ಹಿಡಿದು 52 ಬಿಳಿ ಮನೆಗಳನ್ನು ಒಂದೊಂದಾಗಿ ನೋಡಿದೆವು. ಗೆರೆ ಇಲ್ಲ. ಒಂದೇ ತುಂಡು, ಪ್ಲಾಸ್ಟಿಕ್ ಜಾತಿಯದು. ಸ್ವಂತ ವಸ್ತು ಅಗ್ಗದ್ದು ಅಂತ ತಿಳಿದು ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

"ಹಾರ್ಮೋನಿಯಂ ಆಗಿದ್ದರೆ ನಾಳೆಯೇ ಮಾರಿಸಿಕೊಡ್ತಿದ್ದೆ," ಅಂದರು ಮಾಸ್ತರ್. ಭಜನಾ ಮಂಡಳಿಗಳಿವೆ, ಗಿರಾಕಿಗಳಿದ್ದಾರೆ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಒಂದು ಕಾಲದಲ್ಲಿ ಅದಕ್ಕೂ ಬೆಲೆ ಇರಲಿಲ್ಲ, 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಪ್ರವೇಶವೇ ಇರಲಿಲ್ಲ ಅಂತ ಅವರು ದೊಡ್ಡ ಕಥೆ ಶುರು ಮಾಡಿದರು. ಕಾಕಾ ತಡೆದರು. ಅಷ್ಟರಲ್ಲಿ ಅವರು ಫೋನ್ ಮಾಡಿ ಗಂಜ್‌ನ ಹಮಾಲರ ಮುಖಂಡನನ್ನು ಕರೆಸಿಬಿಟ್ಟಿದ್ದರು.

ಆತ ಪಿಯಾನೊ ಸುತ್ತ ಒಂದು ಸುತ್ತು ಬಂದ. "ಎಷ್ಟು ತೂಕ ಐತ್ರಿ?"

"ಇನ್ನೂರೈವತ್ತು ಕೆಜಿ."

"ಐವತ್ತು ಕೆಜಿಯ ಐದು ಚೀಲದ ಲೆಕ್ಕ ಹಿಡಿ," ಅಂದರು ಕಾಕಾ.

"ಚೀಲ ಒಂದೊಂದಾಗಿ ಹೊರ್ತೀವಿ ಸಾಹುಕಾರ್ರೇ. ಐದೂ ಚೀಲ ಕೂಡಿಸಿ ಹೊಲಿದಿಟ್ಟರೆ ಯಾರು ಎತ್ತಬೇಕು?" ಆಮೇಲೆ ಮೆಟ್ಟಿಲಿನ ತಿರುವು ನೋಡಿ ಬಂದ. "ಇದು ಮ್ಯಾಲೆ ಹೆಂಗ ಬಂತ್ರಿ?"

ಆ ಪ್ರಶ್ನೆಗೆ ಉತ್ತರ ಅಮ್ಮನಿಗೆ ಮಾತ್ರ ಗೊತ್ತಿತ್ತು. ಪಿಯಾನೊ ಮೊದಲು ಬಂತಂತೆ. ಮೆಟ್ಟಿಲಿನ ಗೋಡೆ ಕಟ್ಟಿದ್ದು ಅದಾದ ಎರಡು ವರ್ಷಕ್ಕೆ.

ಕಿಟಕಿ ಕಿತ್ತು, ಹಗ್ಗ ಕಟ್ಟಿ, ಆರು ಆಳು, ಮೇಲೆ ಗೌಂಡಿಯ ಕೂಲಿ. ಕಾಕಾ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಭಾಯ್ ಕೊಡುವ ಆರುನೂರು ಕಳೆದರೂ ನಾನೇ ಸಾವಿರಗಟ್ಟಲೆ ಬಾಕಿ ಬಿದ್ದೆ.

ಹಾಗಂತ ಬಿಡಲು ಆಗುತ್ತದಾ? ರಾತ್ರಿ ಫೋಟೊ ಹಾಕಿ ಆನ್‌ಲೈನ್‌ನಲ್ಲಿ ಜಾಹೀರಾತು ಕೊಟ್ಟೆ. ಇದ್ದದ್ದು ಇದ್ದ ಹಾಗೆ ಬರೆದೆ: ಅರ್ಧ ಸ್ವರ ಕೆಳಗಿದೆ, ಮೂರು ಮನೆ ಮೂಕ, ಇಳಿಸಿಕೊಂಡು ಹೋಗುವವರಿಗೆ ಪುಕ್ಕಟೆ. ಬೇಳೆ ವಿಚಾರ ಬರೆಯಲಿಲ್ಲ. ಅದನ್ನು ಕಾಕಾ ಆಗಲೇ ಕೋಳಿಗೆ ಅಂತ ಕಟ್ಟಿಸಿಕೊಂಡು ಹೋಗಿದ್ದರು.

ಹನ್ನೊಂದು ಗಂಟೆಗೆ ಮೊದಲ ಮೆಸೇಜ್ ಬಂತು. ಹಾಸಿಗೆಯಿಂದ ಎದ್ದು ಕೂತು ಓದಿದೆ.

"ಚಾರ್ಜರ್ ಜೊತೆಗೆ ಕೊಡ್ತೀರಾ ಸರ್?"