‘ಹಣ ಅಕ್ರಮ ವರ್ಗಾವಣೆ’: ಹಣ ಎಲ್ಲಿಗೂ ಹೋಗದಿದ್ದರೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹಾಸನದಲ್ಲಿ ಹೋಟೆಲ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಸಂಜೆಯ ಹೊತ್ತು ಲೆಕ್ಕ ಬರೆಯುವುದನ್ನು ಹೇಳಿಕೊಡುತ್ತೇನೆ. ಆಲೂರು, ಬೇಲೂರು, ಸಕಲೇಶಪುರದ ಕಡೆಯವರು. ಕೆಲವರು ಇಲ್ಲಿಯ ಲಾಡ್ಜ್, ಹೋಂಸ್ಟೇಗಳಲ್ಲಿ ಉಳಿಯುತ್ತಾರೆ. ಕೆಲವರು ಗೋವಾಕ್ಕೆ ಹೋಗಿ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾರೆ. ಅವರಿಗೆಂದು ಕನ್ನಡದಲ್ಲೊಂದು ಕೈಪಿಡಿ ಬರೆಯಲು ಹೊರಟವನು ಮೊದಲ ಪುಟದ ಮೊದಲ ಪದದಲ್ಲೇ ಸಿಕ್ಕಿಕೊಂಡಿದ್ದೇನೆ.

ಅಪರಾಧದಿಂದ ಬಂದ ಹಣವನ್ನು ನ್ಯಾಯವಾಗಿ ದುಡಿದದ್ದೆಂದು ತೋರಿಸುವುದಕ್ಕೆ ಇಂಗ್ಲಿಷಿನಲ್ಲಿ ಮನಿ ಲಾಂಡರಿಂಗ್ ಎನ್ನುತ್ತಾರೆ. ಅದಕ್ಕೆ ನಮ್ಮ ಪತ್ರಿಕೆಗಳು ‘ಹಣ ಅಕ್ರಮ ವರ್ಗಾವಣೆ’ ಎಂದು ಬರೆಯುತ್ತವೆ. ಅದನ್ನು ತಡೆಯುವ 2002ರ ಕಾಯ್ದೆಯ ಹೆಸರೂ ಸುದ್ದಿಗಳಲ್ಲಿ ಹಾಗೆಯೇ ಬರುತ್ತದೆ. ನಾನೂ ಅದನ್ನೇ ಬಳಸಿ ಪಾಠ ಮಾಡಿದೆ. ಬೋರ್ಡಿನ ಮೇಲೆ ಹನ್ನೆರಡು ಕೋಣೆಗಳ ಒಂದು ಲಾಡ್ಜಿನ ಲೆಕ್ಕ ಬರೆದೆ. ಆ ರಾತ್ರಿ ನಿಜವಾಗಿ ತುಂಬಿದ್ದು ನಾಲ್ಕು ಕೋಣೆ, ರಿಜಿಸ್ಟರಿನಲ್ಲಿ ಹನ್ನೊಂದು. ಖಾಲಿ ಬಿದ್ದಿದ್ದ ಏಳು ಕೋಣೆಗಳಿಗೂ ಬಿಲ್ ಇದೆ, ನಗದು ಬಂದಿದೆ, ಜಿಎಸ್‌ಟಿ ಕಟ್ಟಿದ್ದಾರೆ, ಮರುದಿನ ಹಣ ಬ್ಯಾಂಕಿಗೆ ಜಮೆಯಾಗಿದೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಹಣ ಎಲ್ಲಿಗೂ ಹೋಗಲಿಲ್ಲವಲ್ಲ. ಮಾಲೀಕರ ಪೆಟ್ಟಿಗೆಯಿಂದ ಮಾಲೀಕರದೇ ಖಾತೆಗೆ ಬಂತು, ತೆರಿಗೆಯನ್ನೂ ಕಟ್ಟಿದರು. ಇದು ವರ್ಗಾವಣೆ ಹೇಗಾಗುತ್ತದೆ? ಅಕ್ರಮ ಹೇಗಾಗುತ್ತದೆ?”

ಅವಳ ಪ್ರಶ್ನೆ ನನ್ನನ್ನು ಎರಡು ವಾರ ಬಿಡಲಿಲ್ಲ. ಅವಳು ತಪ್ಪು ತಿಳಿದುಕೊಂಡಿರಲಿಲ್ಲ. ನಾವು ಕೊಟ್ಟ ಪದವೇ ಅವಳನ್ನು ದಾರಿ ತಪ್ಪಿಸಿತ್ತು. ‘ಅಕ್ರಮ ವರ್ಗಾವಣೆ’ ಬ್ಯಾಂಕಿನ ಕಣ್ಣು ತಪ್ಪಿಸಿ ಹಣ ದಾಟಿಸುವ ಹವಾಲಾಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲಿ ನಡೆಯುವುದು ಬೇರೆ. ಕಾಯ್ದೆಯ 3ನೇ ಕಲಮು ಹೇಳುವುದನ್ನು ನೋಡಿ: ಅಪರಾಧದಿಂದ ಬಂದ ಗಳಿಕೆಯನ್ನು ಬಚ್ಚಿಡುವುದು, ಇಟ್ಟುಕೊಳ್ಳುವುದು, ಪಡೆಯುವುದು, ಬಳಸುವುದು, ಕಳಂಕವಿಲ್ಲದ ಆಸ್ತಿ ಎಂದು ತೋರಿಸುವುದು. ಈ ಪಟ್ಟಿಯಲ್ಲಿ ವರ್ಗಾವಣೆ ಎಂಬುದೇ ಇಲ್ಲ. ಲಾಡ್ಜಿನ ಖಾಲಿ ಕೋಣೆಗಳು ಮಾಡಿದ್ದು ಕೊನೆಯ ಕೆಲಸವನ್ನು.

‘ಕಪ್ಪು ಹಣ ಬಿಳಿ ಮಾಡುವುದು’ ಎಂದರೆ ಸಾಲದೇ ಎಂದು ನೀವು ಕೇಳಬಹುದು. ಜನರ ಬಾಯಲ್ಲಿರುವ ಮಾತು, ಮಲಯಾಳಂನಲ್ಲಿಯೂ ‘ಕಳ್ಳಪ್ಪಣಂ ವೆಳುಪ್ಪಿಕ್ಕಲ್’ ಎನ್ನುತ್ತಾರೆ. ಆದರೆ ನಮ್ಮಲ್ಲಿ ಕಪ್ಪು ಹಣ ಎಂದ ಕೂಡಲೇ ತೆರಿಗೆ ಕಟ್ಟದ ಹಣ ಎಂಬ ಅರ್ಥ ಎದುರಿಗೆ ಬಂದು ನಿಲ್ಲುತ್ತದೆ. ತೆರಿಗೆ ಕದಿಯುವವನು ಹನ್ನೊಂದು ಕೋಣೆ ತುಂಬಿದ್ದರೂ ನಾಲ್ಕೇ ತೋರಿಸುತ್ತಾನೆ. ಇವನು ನಾಲ್ಕು ತುಂಬಿದಾಗ ಹನ್ನೊಂದು ತೋರಿಸುತ್ತಾನೆ. ಲೆಕ್ಕ ಬರೆಯುವವರು ಮೊದಲು ಕಲಿಯಬೇಕಾದ ವ್ಯತ್ಯಾಸವೇ ಇದು, ಆ ಪದ ಅದನ್ನು ಅಳಿಸಿಹಾಕುತ್ತದೆ.

ಹಿಂದಿಯ ‘ಧನಶೋಧನ’ವನ್ನು ಹಾಗೆಯೇ ತಂದರೆ ಇನ್ನೂ ಕಷ್ಟ. ಕನ್ನಡಿಗರಿಗೆ ಶೋಧನೆ ಎಂದರೆ ಹುಡುಕಾಟ. ಶುದ್ಧಿ ಎಂಬ ಅರ್ಥ ಆಯುರ್ವೇದದವರ ಬಳಿ ಉಳಿದಿದೆ. ಧನಶೋಧನ ತಡೆ ಎಂದರೆ ನಿಧಿ ಹುಡುಕುವುದಕ್ಕೆ ತಡೆ ಎಂದು ಅರ್ಥವಾದೀತು.

ಒಗೆತ, ಮಡಿ ಎಂಬ ದಾರಿಯೂ ಇದೆ. ಇಂಗ್ಲಿಷಿನ ಪದ ಬಟ್ಟೆ ಒಗೆಯುವುದರಿಂದ ಬಂದದ್ದು ನಿಜ. ಅಲ್ ಕಪೋನ್ ಎಂಬ ಅಮೆರಿಕದ ದರೋಡೆಕೋರ ಲಾಂಡ್ರಿ ಅಂಗಡಿಗಳನ್ನು ಇಟ್ಟಿದ್ದರಿಂದ ಈ ಹೆಸರು ಬಂತು ಎಂಬ ಕಥೆಯನ್ನು ಮಾತ್ರ ನಂಬಬೇಡಿ. ಅವನಿಗೆ 1931ರಲ್ಲಿ ಶಿಕ್ಷೆಯಾದದ್ದು ತೆರಿಗೆ ವಂಚನೆಗೆ. ಈ ಪದ ಪತ್ರಿಕೆಗಳಲ್ಲಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ, ಅಲ್ಲಿಯ ವಾಟರ್‌ಗೇಟ್ ರಾಜಕೀಯ ಹಗರಣದ ಸುದ್ದಿಗಳ ಜೊತೆಗೆ. ‘ಹಣ ಮಡಿಮಾಡುವಿಕೆ’ ಎಂಬ ಪದ ಕಿವಿಗೆ ಚೆನ್ನಾಗಿಯೇ ಇದೆ. ಆದರೂ ನನಗೆ ಮನಸ್ಸು ಬರುವುದಿಲ್ಲ. ಮಾಚಿದೇವರ ಕಾಯಕದ ಹೆಸರನ್ನು ತಂದು ಕಳ್ಳರ ಕೆಲಸಕ್ಕೆ ಅಂಟಿಸುವುದು ಅನ್ಯಾಯ. ನನ್ನ ತರಗತಿಯಲ್ಲೇ ಆ ಮನೆತನದ ಮಕ್ಕಳಿದ್ದಾರೆ.

ಒಬ್ಬ ಹುಡುಗ ‘ಹಣದ ಅಕ್ರಮ-ಸಕ್ರಮ’ ಎಂದ. ಇಡೀ ತರಗತಿಗೆ ಆ ಕ್ಷಣವೇ ಅರ್ಥವಾಯಿತು, ಏಕೆಂದರೆ ಬಗರ್‌ಹುಕುಂ ಜಮೀನಿಗೆ ಅರ್ಜಿ ಹಾಕದ ಮನೆ ನಮ್ಮ ಕಡೆ ಕಡಿಮೆ. ಆದರೆ ಫಾರಂ 57 ತುಂಬಿಸಿ ತಹಶೀಲ್ದಾರರ ಮುಂದೆ ನಿಲ್ಲುವ ರೈತ ಏನನ್ನೂ ಮುಚ್ಚಿಡುವುದಿಲ್ಲ, ತಾನು ಉಳುತ್ತಿರುವುದು ಸರ್ಕಾರದ ಜಮೀನು ಎಂದು ಬರೆದೇ ಕೊಡುತ್ತಾನೆ. ಈ ಪದವನ್ನೂ ಬಿಟ್ಟೆ.

ಕೊನೆಗೆ ನನಗೆ ಹೊಳೆದದ್ದು ‘ಮೂಲಮರೆಸು’. ಹಣದ ಮೂಲವನ್ನು ಮರೆಸುವುದು. ಮರೆಸು ಎಂದರೆ ಬಚ್ಚಿಡು ಎಂದೂ ಆಗುತ್ತದೆ, ಮರೆಯುವಂತೆ ಮಾಡು ಎಂದೂ ಆಗುತ್ತದೆ; ಇಲ್ಲಿ ಎರಡೂ ಬೇಕು. ಕ್ಯಾಸಿನೊದಲ್ಲಿ ಒಬ್ಬ ನಗದು ಕೊಟ್ಟು, ಆಟದಲ್ಲಿ ಹಣದ ಬದಲು ಬಳಸುವ ಬಿಲ್ಲೆಗಳನ್ನು ಕೊಳ್ಳುತ್ತಾನೆ, ಒಂದೆರಡು ಆಟ ಆಡುತ್ತಾನೆ, ಉಳಿದ ಬಿಲ್ಲೆಗಳನ್ನು ಮರಳಿಸಿ ಚೆಕ್ ಕೇಳುತ್ತಾನೆ. ಆ ಚೆಕ್ ಹಿಡಿದವನು ‘ಆಟದಲ್ಲಿ ಗೆದ್ದೆ’ ಎಂದರೆ ಹಣ ತಾನು ಎಲ್ಲಿಂದ ಬಂದೆ ಎಂಬುದನ್ನೇ ಮರೆತಂತೆ. ಮೂಲ ಸಂಸ್ಕೃತ, ಮರೆಸು ಕನ್ನಡ, ಹಾಗಾದರೆ ಅರಿಸಮಾಸವಲ್ಲವೇ ಎಂದು ಕೇಳುವವರಿಗೆ: ಇದು ಕ್ರಿಯಾಸಮಾಸ, ಅಲ್ಲಿ ಆ ದೋಷ ಹಿಡಿಯುವುದಿಲ್ಲ ಎಂದು ಕಲಿತಿದ್ದೇನೆ. ನಾಮಪದ ಮಾಡಿ ‘ಮೂಲಮರೆಸುವಿಕೆ’ ಎಂದಾಗಲೂ ಹಾಗೆಯೇ ನಿಲ್ಲುತ್ತದೆಯೇ? ವ್ಯಾಕರಣ ಬಲ್ಲವರು ತಿಳಿಸಬೇಕು.

ಇನ್ನು ಮೂರು ಪದಗಳಿವೆ. ಮೊದಲನೆಯದು ಕಸ್ಟಮರ್ ಡ್ಯೂ ಡಿಲಿಜೆನ್ಸ್, ಅಂದರೆ ಗ್ರಾಹಕ ಯಾರು, ಎಂಥವನು ಎಂದು ಕೌಂಟರಿನವರು ವಿಚಾರಿಸಿ ತಿಳಿಯುವುದು. ಒಂದು ಅನುವಾದದಲ್ಲಿ ‘ಗ್ರಾಹಕ ಸಮುಚಿತ ಶ್ರದ್ಧೆ’ ಎಂದಿತ್ತು. ಶ್ರದ್ಧೆ ಇರಬೇಕಾದದ್ದು ಗ್ರಾಹಕನಿಗೋ ಕೌಂಟರಿನವನಿಗೋ ತಿಳಿಯುವುದಿಲ್ಲ. ಹೆಣ್ಣು ಕೊಡುವ ಮುನ್ನ ನಾವು ಹುಡುಗನ ಪೂರ್ವಾಪರ ವಿಚಾರಿಸುತ್ತೇವೆ. ‘ಗ್ರಾಹಕರ ಪೂರ್ವಾಪರ ವಿಚಾರಣೆ’ ಎಂದರೆ ಸಾಕು. ಈಗ ಬದಲಾಗುತ್ತಿರುವುದೂ ಇದೇ ಭಾಗ. ಹಿಂದೆ ಗುರುತಿನ ಚೀಟಿಯ ಜೆರಾಕ್ಸ್ ಫೈಲಿಗೆ ಸೇರಿದರೆ ಕೆಲಸ ಮುಗಿಯುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಕ್ಯಾಸಿನೊಗಳ ಜೊತೆಗೆ ಜೂಜಿನ ಯಂತ್ರಗಳಿರುವ ಪಬ್, ಕ್ಲಬ್ಬುಗಳೂ ಮೂಲಮರೆಸುವಿಕೆ ತಡೆಯುವ ಅಲ್ಲಿಯ ಕಾನೂನಿನಡಿ ಇವೆ. 2024ರಲ್ಲಿ ಅಲ್ಲಿ ಆ ಕಾನೂನನ್ನು ತಿದ್ದಿ, ಯಾರಿಂದ ಎಷ್ಟು ಅಪಾಯವಿದೆ ಎಂದು ತೂಗಿ ಅದಕ್ಕೆ ತಕ್ಕಂತೆ ವಿಚಾರಿಸಬೇಕೆಂಬುದನ್ನು ಬಿಗಿಗೊಳಿಸಿದ್ದಾರೆ. ಅದರ ಹಿಂದಿನ ವರ್ಷ ಮೆಲ್ಬರ್ನ್ ಮತ್ತು ಪರ್ತ್‌ನ ಕ್ರೌನ್ ಕ್ಯಾಸಿನೊಗಳಿಗೆ ಆ ಕಾನೂನನ್ನು ಪಾಲಿಸದ್ದಕ್ಕೆ 45 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿದ್ದಿತ್ತು. ಪೂರ್ವಾಪರ ಎಂಬ ಪದಕ್ಕೆ ಆ ತೂಗಿ ನೋಡುವ ಗುಣ ಮೊದಲಿನಿಂದಲೂ ಇದೆ.

ಎರಡನೆಯದು ಸ್ಟ್ರಕ್ಚರಿಂಗ್. ನಮ್ಮ ದೇಶದಲ್ಲಿ ಕ್ಯಾಸಿನೊಗಳು 10 ಲಕ್ಷ ರೂಪಾಯಿ ಮೀರಿದ ನಗದು ವಹಿವಾಟನ್ನು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಅದನ್ನು ತಪ್ಪಿಸಲು ದೊಡ್ಡ ಮೊತ್ತವನ್ನು ಚಿಕ್ಕ ಚಿಕ್ಕದಾಗಿ ಮುರಿಯುತ್ತಾರೆ. ಹಾಸನದವನಾದ ನನಗೆ ಬಿತ್ತನೆ ಆಲೂಗಡ್ಡೆ ನೆನಪಾಗುತ್ತದೆ. ಪ್ರತಿ ಹೋಳಿಗೂ ಒಂದು ಕಣ್ಣು ಉಳಿಯುವಂತೆ ಕತ್ತರಿಸಿದರೆ ಒಂದೊಂದೂ ಮೊಳೆಯುತ್ತದೆ. ‘ಹಣ ಹೋಳುಮಾಡುವುದು’ ಎಂದು ಬರೆದಿದ್ದೇನೆ. ಒಂದಕ್ಕೊಂದು ಸಂಬಂಧವಿರುವ ಹೋಳುಗಳು ಒಂದೇ ತಿಂಗಳಲ್ಲಿ ಸೇರಿ 10 ಲಕ್ಷ ದಾಟಿದರೆ ಅದನ್ನೂ ತಿಳಿಸಬೇಕು ಎಂಬ ನಿಯಮವಿದೆ. ಈ ಪದವಿದ್ದರೆ ಆ ನಿಯಮವನ್ನು ವಿವರಿಸುವುದು ಸುಲಭ. ಬಯಲುಸೀಮೆಯ ಬೇರೆ ಜಿಲ್ಲೆಯವರಿಗೂ ಹೋಳು ಹೀಗೆಯೇ ಕೇಳಿಸುತ್ತದೆಯೇ?

ಮೂರನೆಯದು ಟಿಪ್ಪಿಂಗ್ ಆಫ್. ಗ್ರಾಹಕನ ಬಗ್ಗೆ ವರದಿ ಕಳಿಸಿದ್ದನ್ನು ಅವನಿಗೇ ತಿಳಿಸುವ ತಪ್ಪು. ‘ಸುಳಿವು ಕೊಡುವುದು’ ಎಂದು ಬರೆದು ಮುಂದೆ ಹೋದೆ.

ಕೈಪಿಡಿ ಅಚ್ಚಿಗೆ ಹೋಗುವ ಮುನ್ನ ಆ ಹುಡುಗಿಯ ಪ್ರಶ್ನೆಗೆ ಬರೆದ ಉತ್ತರವನ್ನು ಇಲ್ಲಿ ಇಡುತ್ತಿದ್ದೇನೆ. ಒಮ್ಮೆ ಗಟ್ಟಿಯಾಗಿ ಓದಿ, ಎಲ್ಲಿ ನಾಲಿಗೆ ತಡವರಿಸಿತು ಎಂದು ದಯವಿಟ್ಟು ಬರೆಯಿರಿ:

“ಕೋಣೆ ಖಾಲಿಯಿದ್ದು ಬಿಲ್ ಮಾತ್ರ ಇದ್ದರೆ, ಆ ಹಣ ಬೇರೆಲ್ಲಿಂದಲೋ ಬಂದಿದೆ. ಅದು ಎಲ್ಲಿಂದ ಬಂತೆಂದು ಯಾರೂ ಕೇಳದಂತೆ ಮಾಡುವುದೇ ಮೂಲಮರೆಸುವಿಕೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಅದರ ಮೂಲ ಬದಲಾಗುವುದಿಲ್ಲ.”