ಪದವೀಧರ ಕ್ಷೇತ್ರದ ವೋಟು: ಸಾರ್‌ಗೆ ಕೇಳಿ

ಅಡ್ಮಿನ್: ವಿಧಾನ ಪರಿಷತ್ತಿನ ಆಗ್ನೇಯ ಪದವೀಧರ ಕ್ಷೇತ್ರದ ಬಗ್ಗೆ ಇವತ್ತು ಪ್ರಶ್ನೆ ಕೇಳಬಹುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆ ಕಡೆಯವರು ಇದರಲ್ಲಿ ಬರುತ್ತಾರೆ. ಉತ್ತರ ಕೊಡುವವರು ನಮ್ಮ ನಿವೃತ್ತ ಶಿರಸ್ತೇದಾರ್ ಸಾರ್. ಎಣಿಕೆ ಟೇಬಲ್ಲಿನಲ್ಲಿ ಕೂತು ಅನುಭವ ಇರುವವರು.

ಶಿರಾ: ಸಾರ್, 2020ರಲ್ಲಿ ನನ್ನ ಹೆಸರು ಪಟ್ಟಿಯಲ್ಲಿತ್ತು. ಮತ್ತೆ ಅರ್ಜಿ ಹಾಕಬೇಕಾ?

ಸಾರ್: ಹಾಕಬೇಕು. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ನಮೂನೆ 18 ತುಂಬಿ, ಪದವಿ ಪ್ರಮಾಣಪತ್ರದ ದೃಢೀಕರಿಸಿದ ನಕಲು ಜೊತೆಗಿಟ್ಟು ಕೊಡಿ.

ಚಿಂತಾಮಣಿ: ಪದವಿಯಾಗಿ 3 ವರ್ಷ ಅಂತಾರೆ. ಘಟಿಕೋತ್ಸವದಿಂದ ಲೆಕ್ಕವಾ?

ಸಾರ್: ಅಲ್ಲ, ಫಲಿತಾಂಶ ಬಂದ ದಿನದಿಂದ. ನವೆಂಬರ್ 1ಕ್ಕೆ 3 ವರ್ಷ ತುಂಬಿರಬೇಕು.

ಗುಬ್ಬಿ: ಈ ಮೆಸೇಜ್ ನಿಜವಾ ಸಾರ್? "2 ಅಂತ ಇನ್ನೊಬ್ಬರಿಗೆ ಹಾಕಿದರೆ ನಿಮ್ಮ ಮೊದಲ ವೋಟು ಅರ್ಧವಾಗುತ್ತದೆ. ಬರೀ 1 ಹಾಕಿ. 10 ಜನರಿಗೆ ಕಳಿಸಿ."

ಸಾರ್: ಸುಳ್ಳು. ಇದನ್ನು ಕಳಿಸಿದವರು ಎಣಿಕೆಯನ್ನು ಕಣ್ಣಿಂದ ನೋಡಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ಇಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯುವುದು. ಸಿಂಧುವಾದ ಮತ 1000 ಅಂದುಕೊಳ್ಳಿ. ಇರುವುದು ಒಂದೇ ಸೀಟು. ಗೆಲ್ಲಲು ಬೇಕಾದ ಮತ, ಅಂದರೆ ಕೋಟಾ, 1000ದ ಅರ್ಧ, ಮೇಲೊಂದು: 501. ರಾಮನಿಗೆ 430, ಭೀಮನಿಗೆ 350, ಸೋಮನಿಗೆ 220 ಬಂತು. ಯಾರಿಗೂ 501 ಇಲ್ಲ. ಎಲ್ಲರಿಗಿಂತ ಕಡಿಮೆ ಇರುವ ಸೋಮ ಹೊರಗೆ. ಆಗ ಅವನ 220 ಚೀಟಿ ಬಿಚ್ಚಿ 2 ಯಾರಿಗಿದೆ ನೋಡುತ್ತೇವೆ. 60 ಚೀಟಿಯಲ್ಲಿ ಬರೀ 1. ಅವು ಅಲ್ಲಿಗೇ ಮುಗಿದವು. ಮಿಕ್ಕ 160ರಲ್ಲಿ ಭೀಮನಿಗೆ 130, ರಾಮನಿಗೆ 30. ಈಗ ಭೀಮ 480, ರಾಮ 460. 501 ಯಾರಿಗೂ ಬರದಿದ್ದರೂ ಉಳಿದ ಇಬ್ಬರಲ್ಲಿ ಜಾಸ್ತಿ ಇರುವ ಭೀಮನೇ ಗೆದ್ದ, ಮುಂದಿದ್ದ ರಾಮ ಸೋತ. ನೀವು 1 ಹಾಕಿದವರು ಕಣದಲ್ಲಿರುವ ತನಕ ನಿಮ್ಮ 2ನ್ನು ಯಾರೂ ನೋಡುವುದೇ ಇಲ್ಲ. ಮತ್ತೆ ಅರ್ಧ ಆಗುವುದು ಎಲ್ಲಿಂದ?

ಗುಬ್ಬಿ: ಅಂದರೆ ಆ 60 ಜನರ ವೋಟು ವೇಸ್ಟಾ?

ಸಾರ್: ಕೊನೆಯ ಸುತ್ತಿನಲ್ಲಿ ಅವರ ಮಾತಿಲ್ಲ, ಅಷ್ಟೇ. 1 ಆದಮೇಲೆ 2 ಬಿಟ್ಟು 3 ಬರೆದರೂ ಇದೇ ಗತಿ. ಇಬ್ಬರಿಗೆ 2 ಹಾಕಿದರೂ ಅಷ್ಟೇ. ಇಬ್ಬರಿಗೆ 1 ಹಾಕಿದರೆ ಮಾತ್ರ ಇಡೀ ಮತವೇ ಅಸಿಂಧು.

ತಿಪಟೂರು: ಓದಿದವರೂ ಇಂಥ ತಪ್ಪು ಮಾಡುತ್ತಾರಾ!

ಸಾರ್: ಅವರೇ ಜಾಸ್ತಿ. ಒಂದು ಚೀಟಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೇರಳೆ ಸ್ಕೆಚ್ ಪೆನ್ನಲ್ಲಿ ಮುದ್ದಾದ 1. ಕೆಳಗೆ ಗೀಟೆಳೆದು ಪೂರ್ತಿ ಸಹಿ, ತಾರೀಖು ಸಮೇತ! ಯಾರ ವೋಟು ಅಂತ ಗುರುತು ಸಿಕ್ಕಿದರೆ ಅದು ಅಸಿಂಧು. ಇನ್ನು ಕೆಲವರು ಅಕ್ಷರದಲ್ಲಿ "ಒಂದು" ಅಂತ ಬರೆಯುತ್ತಾರೆ, ಕೆಲವರು ಟಿಕ್ ಹಾಕುತ್ತಾರೆ. ಅಂಕಿಯೇ ಬೇಕು. ಕನ್ನಡದ ೧ ಬರೆದರೂ ನಡೆಯುತ್ತದೆ. ಪೆನ್ನು ಬೂತಿನಲ್ಲಿ ಕೊಟ್ಟಿದ್ದೇ ಆಗಬೇಕು.

ಪಾವಗಡ: ಇದೆಲ್ಲಾ ಸರಿ. ಆದರೆ ನಮ್ಮಪ್ಪ 40 ವರ್ಷ ಕಡಲೆಕಾಯಿ ಬೆಳೆದರು, ಅವರಿಗೆ ಇಲ್ಲಿ ವೋಟಿಲ್ಲ. ನಾನು ಮೂರು ಅಟೆಂಪ್ಟ್‌ನಲ್ಲಿ ಬಿಕಾಂ ಮಾಡಿದ್ದಕ್ಕೆ ಇದೆ. ಯಾವ ನ್ಯಾಯ?

ತಿಪಟೂರು: ಸಂವಿಧಾನದ 171ನೇ ವಿಧಿಯಲ್ಲೇ ಇದೆ. ಪದವೀಧರರಿಗೆ ಹನ್ನೆರಡನೇ ಒಂದು ಭಾಗ ಸೀಟು. ನಿಮ್ಮಪ್ಪನಿಗೆ ವಿಧಾನಸಭೆಯ ವೋಟು ಇದೆಯಲ್ಲ.

ಪಾವಗಡ: ವಿಧಿ ಕೇಳಲಿಲ್ಲ, ನ್ಯಾಯ ಕೇಳಿದೆ.

ಗೌರಿಬಿದನೂರು ಮೇಡಂ: ಇಬ್ಬರೂ ಪ್ರೈವೇಟಾಗಿ ಜಗಳ ಆಡ್ತೀರಾ? ನಾನು ಹೈಸ್ಕೂಲ್ ಟೀಚರ್. ಶಿಕ್ಷಕರ ಕ್ಷೇತ್ರ, ಪದವೀಧರ ಕ್ಷೇತ್ರ ಎರಡಕ್ಕೂ ಹೆಸರು ಸೇರಿಸಬಹುದಾ?

ಸಾರ್: ಅರ್ಹತೆ ಇದ್ದರೆ ಸೇರಿಸಬಹುದು ಮೇಡಂ. ಶಿಕ್ಷಕರ ಕ್ಷೇತ್ರಕ್ಕೆ ನಮೂನೆ 19. ಕಳೆದ 6 ವರ್ಷದಲ್ಲಿ ಒಟ್ಟು 3 ವರ್ಷ ಪಾಠ ಮಾಡಿರಬೇಕು.

ಬಂಗಾರಪೇಟೆ: ನಾನು ಬೆಂಗಳೂರಲ್ಲಿ ಬಾಡಿಗೆಗೆ ಇದ್ದೀನಿ, ವಾರಕ್ಕೊಮ್ಮೆ ಊರಿಗೆ ಬರ್ತೀನಿ. ನಂದು ಎಲ್ಲಿ?

ಪಾವಗಡ: ತಿಪಟೂರು ಸಾಹೇಬರೇ, ತೆಂಗಿನ ತೋಟ ಇರುವವರಿಗೆ ಎಲ್ಲ ನ್ಯಾಯವಾಗಿಯೇ ಕಾಣುತ್ತೆ ಬಿಡಿ.

ತಿಪಟೂರು: ತೋಟದ ಸುದ್ದಿಗೆ ಬರಬೇಡಿ.

ಮಧುಗಿರಿ: ಸಾರ್, ಹಳೇ ಪಟ್ಟಿಯಲ್ಲಿ ಹೆಸರಿದೆ. ಮತ್ತೆ ಹಾಕಬೇಕಾ?

ಸಾರ್: ಮೇಲೆ ಓದಿ.

ಕುಣಿಗಲ್: 2020ರಲ್ಲಿ ವೋಟು ಹಾಕಿದ್ದೆ, ಈಗ ಸುಮ್ನೆ ಇದ್ದರೆ ಆಗುತ್ತಾ?

ಸಾರ್: ಆಗಲ್ಲ. ಮೇಲೆ ಓದಿ.

ಮಾಲೂರು: ಫಾರ್ವರ್ಡ್ ಬಂದಿದೆ. ಈ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಹೆಸರು ಸೇರುತ್ತಂತೆ, ಅರ್ಜಿ ಬೇಡವಂತೆ.

ಸಾರ್: ಅಯ್ಯಾ, ಮಿಸ್ಡ್ ಕಾಲಿಗೆ ಸೇರುವುದು ನಿಮ್ಮ ನಂಬರು, ಅದೂ ಯಾರದೋ ಪ್ರಚಾರದ ಲಿಸ್ಟಿಗೆ. ಮತದಾರರ ಪಟ್ಟಿಗಲ್ಲ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಗುಂಪು ಬಿಡುತ್ತೇನೆ.

ಬಂಗಾರಪೇಟೆ: ಸಾರ್, ನನ್ನ ಪ್ರಶ್ನೆ?

ಮಾಲೂರು: ಸಾರ್, ಮಿಸ್ಡ್ ಕಾಲ್ ಕೊಟ್ಟುಬಿಟ್ಟೆ. ಈಗ ವಾಪಸ್ ಫೋನ್ ಬರ್ತಿದೆ, ಎತ್ತಲಾ?