ಮಾತು ಪೂರ್ತಿ ಕೇಳೋದು, ಮಾತು ಮುಂದುವರಿಸೋದು ಹೆಂಗೆ? ಗೊತ್ತಿರೋರು ಹೇಳಿ

ಕೇಳ್ತಿರೋದು ಹಾಸನದಿಂದ: ಮಾತಿನ ಮಧ್ಯೆ ಬಾಯಿ ಹಾಕ್ತೀನಿ ಅಂತ ಮನೇಲಿ ಎಲ್ಲರದ್ದೂ ದೂರು. ನೆಂಟರ ಮನೆಗೆ ಹೋದ್ರೆ ಉಲ್ಟಾ: "ಊಟ ಆಯ್ತಾ", "ಮಳೆ ಹೆಂಗೆ" ಆದ್ಮೇಲೆ ಏನು ಕೇಳ್ಬೇಕು ಅಂತಾನೇ ಹೊಳೆಯಲ್ಲ. ಅಪ್ಪಂಗೆ ಬೇರೆ ಕಿವಿ ಮಂದ ಆಗ್ತಿದೆ. "ಗಮನ ಇಟ್ಟು ಕೇಳು" ಅನ್ನೋ ಉಪದೇಶ ಬೇಡ. ಕೂತಲ್ಲಿ ಏನು ಮಾಡ್ಬೇಕು, ಅಷ್ಟು ಹೇಳಿ.

ಅರಸೀಕೆರೆ, ಕನ್ನಡ ಮೇಷ್ಟ್ರು: ಬಾಯಿ ಹಾಕೋದು ದುರಹಂಕಾರ ಅಂತ ಎಲ್ರೂ ಬೈತಾರೆ. ಅರ್ಧ ಅದು ಸಮಯದ ಲೆಕ್ಕ, ಅಷ್ಟೇ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದಿದ್ರು. ಪ್ರಶ್ನೆ ಮುಗಿದು ಉತ್ತರ ಬರೋಕೆ ಸರಾಸರಿ ಹಿಡಿದದ್ದು ಸೆಕೆಂಡಿನ ಐದನೇ ಒಂದು ಭಾಗ. ಆದ್ರೆ ಒಂದು ಪದ ಹುಡುಕಿ ನಾಲಿಗೆಗೆ ತರೋಕೇ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದ್ರೆ ಎದುರಿನವರು ಇನ್ನೂ ಮಾತಾಡ್ತಿರುವಾಗ್ಲೇ ನಾವು ಉತ್ತರ ಹೆಣೆಯೋಕೆ ಕೂತಿರ್ತೀವಿ. ಇದು ಎಲ್ಲರೂ ಮಾಡೋದೇ.

ನಮಗೆ ಪೆಟ್ಟು ಬೀಳೋದು ಇಲ್ಲಿ: ಕನ್ನಡ ವಾಕ್ಯದ ತೀರ್ಪು ಇರೋದು ಬಾಲದಲ್ಲಿ. "ಅವಳಿಗೆ ದುಡ್ಡು ಕೊಡ್ಬೇಕು ಅಂತ ನಾನು..." ಅನ್ನೋವರೆಗೆ ಕೇಳಿ ನೀವು "ಅದ್ಯಾಕ್ ಕೊಡ್ಬೇಕು?" ಅಂತ ಎಗರಿದ್ರಿ ಅಂದ್ಕೊಳ್ಳಿ. ಅವರು ಹೇಳೋಕೆ ಹೊರಟಿದ್ದು "ಹೇಳ್ದೆ" ಇರಬಹುದು, "ಹೇಳ್ಲೇ ಇಲ್ಲ" ಇರಬಹುದು, "ಹೇಳಿದ್ರೆ ನೀನು ಸುಮ್ನಿರ್ತೀಯಾ?" ಕೂಡ ಇರಬಹುದು. ನೀವು ಜಗಳ ಆಡ್ತಿರೋದು ಅವರು ಆಡದೇ ಇರೋ ಮಾತಿನ ಜೊತೆ.

ಹಾಗಾಗಿ ಕಿವಿ ಇಡಬೇಕಾದ್ದು ಕ್ರಿಯಾಪದದ ಮೇಲೆ. "ಹೋಗಿ", "ಬಂದು", "ಆದ್ರೆ", "ಅಂತ", "ಅಂದ್ರೆ" ಇವುಗಳ ಹತ್ರ ದನಿ ನಿಂತರೆ ಅವರು ಉಸಿರು ತಗೊಳ್ತಿದಾರೆ, ಮುಗಿಸಿಲ್ಲ. "ಹೋದೆ", "ಬಂದ್ಲು", "ಇಲ್ಲ", "ಬೇಡ" ಬಂದು ದನಿ ಕೆಳಗಿಳಿದರೆ ನಿಮ್ಮ ಸರದಿ. ದಿನವಿಡೀ ಹಿಂಗೆ ಕೇಳ್ತಾ ಕೂತ್ರೆ ತಲೆ ಸಿಡಿಯುತ್ತೆ. ಸಂಜೆ ಕಾಫಿ ಹೊತ್ತಲ್ಲಿ ಹತ್ತು ನಿಮಿಷ, ಒಬ್ಬರ ಜೊತೆ, ಸಾಕು. ಅಷ್ಟಾದ್ರೂ ಬಾಯಿ ಹಾಕಿಬಿಟ್ರೆ "ಸರಿ ಸರಿ, ಮುಂದೆ ಹೇಳು" ಅನ್ನಬೇಡಿ, ಅದು ಅಪ್ಪಣೆ ಥರ ಕೇಳುತ್ತೆ. ಎಲ್ಲಿ ಕತ್ತರಿಸಿದ್ರೋ ಆ ತುದಿಯನ್ನೇ ವಾಪಸ್ ಕೊಡಿ: "ತಪ್ಪಾಯ್ತು. ದುಡ್ಡು ಕೊಡ್ಬೇಕು ಅಂತ ನೀನು...?"

ಕಡೂರು, ಪ್ರೈಮರಿ ಶಾಲೆ ಟೀಚರ್: ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ನೀವು ಪ್ರಶ್ನೆ ಕೇಳಿದ್ಮೇಲೂ ಕಾಯಬೇಕು. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನ ಗಮನಿಸಿದ್ರು. ಟೀಚರುಗಳು ಪ್ರಶ್ನೆ ಕೇಳಿ ಒಂದು ಸೆಕೆಂಡು ಕಾಯೋದೇ ಹೆಚ್ಚು. ಅದನ್ನ ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದ ಆಯ್ತು, ಬಾಯೇ ಬಿಡದ ಮಕ್ಕಳೂ ಮಾತಾಡಿದ್ರು. ಮನೆ ಮಕ್ಕಳ ಹತ್ರ ಇದು ಚೆನ್ನಾಗಿ ನಡೆಯುತ್ತೆ. ಮನಸಲ್ಲಿ ಎಣಿಸೋಕೆ ಹೋಗಬೇಡಿ, ಎಣಿಸ್ತಿರೋದು ಮುಖದಲ್ಲಿ ಕಾಣುತ್ತೆ. ನಿಧಾನಕ್ಕೆ ಒಂದು ಉಸಿರು ಒಳಗೆ, ಒಂದು ಹೊರಗೆ. ಅಷ್ಟೊತ್ತಿಗೆ ಮೂರು ಸೆಕೆಂಡು ಆಗಿರುತ್ತೆ.

ಹಾಸನ, ಅಂಗಡಿ ಕೌಂಟರಿನಿಂದ: ಟೀಚರ್, ಕ್ಲಾಸಲ್ಲಿ ಸರಿ. "ಬರ್ತೀಯಾ?" ಅಂತ ಹೆಂಡ್ತಿ ಕೇಳಿದಾಗ ಮೂರು ಸೆಕೆಂಡು ಸುಮ್ನಿದ್ರೆ ಅದೇ "ಬರಲ್ಲ" ಅಂತ ಅರ್ಥ. ಹರಟೇಲಿ ಅಷ್ಟು ಕಾದ್ರೆ "ಏನ್ ಬೇಜಾರಾ?" ಅಂತಾರೆ. ಮೂರು ಸೆಕೆಂಡು ಭಾರದ ಮಾತಿಗೆ ಮಾತ್ರ ಇಟ್ಕೊಳಿ. ಗುರುತು: ಅವರ ದನಿ ಇಳಿಯುತ್ತೆ, ಕಣ್ಣು ನಿಮ್ಮ ಮೇಲಿಂದ ನೆಲಕ್ಕೋ ಲೋಟಕ್ಕೋ ಹೋಗುತ್ತೆ. ಆಗ ಆ ಮೌನ ತುಂಬಿಸೋಕೆ ಹೋಗ್ಬೇಡಿ.

ಮೂಡಿಗೆರೆ, ತೋಟದ ಕಡೆಯಿಂದ: ನೆಂಟರ ಮನೆ ವಿಷ್ಯಕ್ಕೆ ಬರೋಣ ಮಾರಾಯ್ರೆ. "ಊಟ ಆಯ್ತಾ" ಅನ್ನೋದು ಕದ ತಟ್ಟಿದ ಹಾಗೆ. "ಆಯ್ತಾ", "ಇದೀರಾ", "ಹೋದ್ರಾ" ಅಂತ "ಆ" ದನಿಯಲ್ಲಿ ಮುಗಿಯೋ ಪ್ರಶ್ನೆಗೆ "ಹೂಂ" ಅಂದ್ರೆ ಮುಗೀತು. ಎರಡನೇ ಪ್ರಶ್ನೆ ಏನು, ಎಷ್ಟು, ಹೆಂಗೆ ಅಂತ ಇರ್ಲಿ, ಅದೂ ಅವರ ಉತ್ತರದಿಂದಲೇ ಹುಟ್ಟಬೇಕು. "ಊಟ ಆಯ್ತಾ?" "ಈಗಷ್ಟೇ ಆಯ್ತು, ಕಳಲೆ ಪಲ್ಯ ಮಾಡಿದ್ರು." ಕಳಲೆ ಸಿಕ್ತಲ್ಲ, ಹಿಡ್ಕೊಳಿ: "ಎಷ್ಟು ದಿನ ನೀರಲ್ಲಿ ನೆನೆಹಾಕ್ತೀರಿ?" ಅಲ್ಲಿಂದ ಅಜ್ಜಿ ಕಾಲದ ಅಡುಗೆವರೆಗೆ ಅವರೇ ಕರ್ಕೊಂಡು ಹೋಗ್ತಾರೆ.

"ಮಳೆ ಹೆಂಗೆ?" ಕೂಡ ಹಾಗೇ. ಕಾಫಿ ಬೆಳೆಯೋರ ಹತ್ರ ಅದನ್ನ ಸಡಿಲವಾಗಿ ಬಿಡ್ಬೇಡಿ. ಬೇಸಿಗೆ ಹೊತ್ತಾದ್ರೆ "ಹೂ ಮಳೆ ಎಷ್ಟು ಸೆಂಟ್ಸ್ ಬಂತು?" ಅಂತ ಕೇಳಿ. ಹೂ ಮಳೆ ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ನೂರು ಸೆಂಟ್ಸ್ ಅಂದ್ರೆ ಒಂದು ಇಂಚು. ನಲವತ್ತೋ ಐವತ್ತೋ ಅಂದ್ರೆ ಮುಂದಿನ ಪ್ರಶ್ನೆ "ಬ್ಯಾಕಿಂಗ್ ಸಿಕ್ತಾ, ಸ್ಪ್ರಿಂಕ್ಲರ್ ಹಾಕಿದ್ರಾ?" ಹೂ ಮಳೆ ಆದ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ (ಅದೇ ಬ್ಯಾಕಿಂಗ್) ಬೀಳದಿದ್ರೆ ಕಾಯಿ ಸರಿ ಕಚ್ಚಲ್ಲ, ಅದಕ್ಕೇ ಆ ಪ್ರಶ್ನೆಗೆ ಬೆಲೆ. ಆದ್ರೆ "ಎಷ್ಟು ಮೂಟೆ ಆಯ್ತು?" ಮಾತ್ರ ಬೇಡ. ಸಂಬಳ ಎಷ್ಟು ಅಂತ ಕೇಳಿದ ಹಾಗೆ ಅದು. ಅವರೇ ಹೇಳಿದ್ರೆ ಕೇಳ್ಕೊಳಿ.

ಹಾಗೇ "ಯಾಕೆ?" ಕಡಿಮೆ ಮಾಡಿ. "ಯಾಕೆ ಕೆಲಸ ಬಿಟ್ಟೆ?" ಅಂದ್ರೆ ಕಟಕಟೆ. "ಏನಾಯ್ತು ಅಲ್ಲಿ?" ಅಂದ್ರೆ ಕತೆ ಹೊರಗೆ ಬರುತ್ತೆ.

ಹಾಸನ, ಅಂಗಡಿ ಕೌಂಟರಿನಿಂದ: ಇನ್ನೊಂದು ಬಿಟ್ಟಿದ್ದೆ. ಯಾರಾದ್ರೂ ಮಂಡಿ ನೋವು ಅಂದ ತಕ್ಷಣ "ಅಯ್ಯೋ ನಿಂದೇನ್ ಮಹಾ, ನಂದು ಕೇಳು" ಅನ್ನೋದು. ಸಮಾಧಾನ ಮಾಡೋಕೇ ಹೇಳೋದು, ಆದ್ರೆ ಮಾತಿನ ಮೂಗುದಾರ ನಿಮ್ಮ ಕೈಗೆ ಬಂದ್ಬಿಡುತ್ತೆ. ಮೊದಲು ಅವರದ್ದು ಎರಡು ಪ್ರಶ್ನೆ ಕೇಳಿ (ಯಾವಾಗಿಂದ, ಮೆಟ್ಲು ಹತ್ತೋವಾಗ್ಲಾ ಇಳಿಯೋವಾಗ್ಲಾ), ಆಮೇಲೆ ನಿಮ್ಮ ಮಂಡಿ. "ತಲೆ ಕೆಡಿಸ್ಕೋಬೇಡ ಬಿಡು" ಅನ್ನೋದೂ ಅದೇ ಜಾತಿ, ಮುಚ್ಚಳ. ಕಷ್ಟ ಹೇಳ್ತಿರೋರ ಹತ್ರ ನೇರವಾಗಿ ಕೇಳೋದು ವಾಸಿ: "ನಾನೇನಾರ ಮಾಡ್ಬೇಕಾ, ಸುಮ್ನೆ ಕೇಳ್ಕೊಂಡಿರ್ಲಾ?"

ಚಿಕ್ಕಮಗಳೂರು: ಫೋನ್ ಬಗ್ಗೆ ಯಾರೂ ಹೇಳ್ಲಿಲ್ಲ. ಎದುರಿಗೆ ಕೂತಾಗ ತಲೆ ಆಡಿಸಿದ್ರೆ ನಡೆಯುತ್ತೆ, ಫೋನಲ್ಲಿ ಹೂಂಗುಟ್ಟಲೇಬೇಕು. ಇಲ್ಲದಿದ್ರೆ "ಹಲೋ? ಇದೀಯಾ?" ಬರುತ್ತೆ. ಹೂಂ ಹಾಕೋ ಜಾಗ ವಾಕ್ಯದ ಕೊನೆ. ಮಧ್ಯೆ ಮಧ್ಯೆ "ಹೂಂ ಹೂಂ ಹೂಂ" ಅಂದ್ರೆ ಬೇಗ ಮುಗಿಸು ಅಂತ ಅರ್ಥ. ನಾಲ್ಕು ಹೂಂಗೆ ಒಂದು "ಆಮೇಲೆ?" ಬರಲಿ. ಘಟ್ಟದ ಕಡೆ ವಾಟ್ಸಾಪ್ ಕಾಲ್ ದನಿ ತಡವಾಗಿ ತಲುಪುತ್ತೆ, ಇಬ್ರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಲಿಸೋದು ಅದಕ್ಕೇ. ಬಾಯಿ ಹಾಕಿದ್ರು ಅಂತ ಸಿಟ್ಟಾಗೋ ಮುಂಚೆ ಮಾಮೂಲಿ ಕಾಲ್ ಮಾಡಿ ನೋಡಿ.

ಹಾಸನ, ಶ್ರವಣ ಪರೀಕ್ಷೆ ಕೆಲಸದಿಂದ: ನಿಮ್ಮ ಅಪ್ಪನ ವಿಷ್ಯ. ವಯಸ್ಸಾದಂತೆ ಮೊದಲು ಹೋಗೋದು ಕೀಚು ದನಿಗಳು: ಸ, ಶ, ಚ, ಟ ಇಂಥವು. ಅ, ಓ, ಊ ಚೆನ್ನಾಗೇ ಕೇಳ್ತಿರುತ್ತೆ. ಅದಕ್ಕೇ ಅವರು "ಕೇಳಿಸ್ತದೆ, ಏನಂದೆ ಗೊತ್ತಾಗಲಿಲ್ಲ" ಅನ್ನೋದು. ಕಿರುಚಿದ್ರೆ ಜೋರಾಗೋದು ಹೆಚ್ಚಾಗಿ ಆ ಅ, ಓ, ಊ ಸ್ವರಗಳೇ, ಜೊತೆಗೆ ಬೈದ ಹಾಗೆ ಬೇರೆ ಕಾಣುತ್ತೆ. ಮೂರ್ನಾಲ್ಕು ಅಡಿ ಹತ್ರ ಬನ್ನಿ, ಬೆಳಕು ನಿಮ್ಮ ಮುಖದ ಮೇಲೆ ಬೀಳೋ ಹಾಗೆ ಕೂತ್ಕೊಳಿ, ಕಿಟಕಿಗೆ ಬೆನ್ನು ಕೊಡಬೇಡಿ. ಮೊದಲು "ಅಪ್ಪಾ" ಅನ್ನಿ, ತಿರುಗಲಿ, ಆಮೇಲೆ ವಿಷ್ಯ. ಒಂದ್ಸಲಕ್ಕೆ ತಿಳೀಲಿಲ್ಲ ಅಂದ್ರೆ ಅದೇ ವಾಕ್ಯ ಮತ್ತೆ ಹೇಳೋದು ದಂಡ, ಪದ ಬದಲಿಸಿ. "ಸಂತೆಗೆ ಹೋಗ್ತೀಯಾ?" ತಲುಪದಿದ್ರೆ "ತರಕಾರಿ ತರೋಕೆ ಹೋಗ್ತೀಯಾ?" ಅನ್ನಿ.

ಕೇಳಿದವರು: ಅಪ್ಪ ಸಂಜೆಯೆಲ್ಲಾ ಟಿವಿ ಮುಂದೇನೇ ಇರ್ತಾರೆ. ಆಗ ಹೆಂಗೆ?

ಹಾಸನ, ಶ್ರವಣ ಪರೀಕ್ಷೆ ಕೆಲಸದಿಂದ: ವಾಲ್ಯೂಮ್ ಕಡಿಮೆ ಮಾಡಿದ್ರೆ ಸಾಲದು, ಮ್ಯೂಟ್ ಮಾಡಿ. ಜಾಹೀರಾತು ಬಂದಾಗ ಮಾಡಿದ್ರೆ ಅವರಿಗೂ ಬೇಜಾರಿಲ್ಲ. ಪರೀಕ್ಷೆ ಮಾತ್ರ ಮುಂದಕ್ಕೆ ಹಾಕಬೇಡಿ, ಕೆಲವರಿಗೆ ಕಿವಿಯಲ್ಲಿ ಗುಗ್ಗೆ ಕಟ್ಟಿದ್ದಷ್ಟೇ ಇರುತ್ತೆ. ಪಿನ್ನು, ಕಡ್ಡಿ, ಬಿಸಿ ಎಣ್ಣೆ ಹಾಕದೆ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕು ಅಂದ್ರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಬೆಳಿಗ್ಗೆ ಬೇಗ ಹಾಸನ ಬಿಡಿ, ಹಳೇ ಚೀಟಿ ಇದ್ರೆ ಜೊತೆಗಿರ್ಲಿ.